ಕಾಣೆಯಾದವರ ಲೆಕ್ಕದಲ್ಲಿ ಒಂದು ಕಮ್ಮಿ

ಬೆಳಗಿನ ಐದೂವರೆ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆ ಪಕ್ಕದ ಪೊಲೀಸ್ ಠಾಣೆಯಲ್ಲಿ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿದೆ. ಪಾಳಿ ಮುಗಿದ ಕಾನ್‌ಸ್ಟೆಬಲ್ ಒಬ್ಬ ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುತ್ತಿದ್ದಾನೆ. ಒಳಗಿನ ಚಿಕ್ಕ ಕೋಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಚೆಲುವರಾಜು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಎಡಗೈ ತೋರುಬೆರಳನ್ನು ರಿಜಿಸ್ಟರಿನ ಸಾಲಿನ ಮೇಲಿಟ್ಟು, ಬಲಗೈಯಲ್ಲಿ ಕಂಪ್ಯೂಟರಿಗೆ ಅಂಕಿ ಒತ್ತುತ್ತಿದ್ದಾರೆ. ಇವತ್ತು ಒಂದನೇ ತಾರೀಕು. ಹೋದ ತಿಂಗಳು ಈ ಸರಹದ್ದಿನಲ್ಲಿ ಎಷ್ಟು ಕಳವು, ಎಷ್ಟು ಹೊಡೆದಾಟ, ಎಷ್ಟು ಅಪಘಾತ, ಎಷ್ಟು ಜನ ನೀರಿಗೆ ಬಿದ್ದು ಸತ್ತರು, ಎಷ್ಟು ಜನ ಮನೆ ಬಿಟ್ಟು ಹೋದರು ಎಂಬ ಪಟ್ಟಿ ಹತ್ತು ಗಂಟೆಯೊಳಗೆ ನಂಜನಗೂಡಿನ ಉಪವಿಭಾಗ ಕಚೇರಿಯಲ್ಲಿ ಇರಬೇಕು.

ಟೀ ತಣ್ಣಗಾಗಿದೆ. ಯಾರೋ ಫೋನು ಮಾಡುತ್ತಾರೆ, ಎತ್ತುವುದಿಲ್ಲ. ಆರೂ ಹತ್ತಕ್ಕೆ ಮಾತ್ರ ತಲೆ ಎತ್ತಿ ಕಿಟಕಿಯಾಚೆ ನೋಡುತ್ತಾರೆ. ಎದುರಿನ ಬಸ್ ಸ್ಟಾಪಿನಲ್ಲಿ ನಂಜನಗೂಡಿನ ಔಷಧ ಕಂಪನಿಯ ವ್ಯಾನಿಗೆ ಕಾಯುತ್ತಾ ಆರೇಳು ಹೆಂಗಸರು ನಿಂತಿದ್ದಾರೆ. ಚೆಲುವರಾಜು ಅವರಲ್ಲಿ ಒಬ್ಬಳನ್ನು ಕಣ್ಣಲ್ಲೇ ಹುಡುಕಿ, ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಮತ್ತೆ ರಿಜಿಸ್ಟರಿಗೆ ಬಗ್ಗುತ್ತಾರೆ. ಅದು ಯಾಕೆ ಎನ್ನುವುದನ್ನು ಹೇಳಲಿಕ್ಕೇ ಈ ಲೇಖನ.

ಇವರ ಕೆಲಸಕ್ಕೆ ಇಲಾಖೆಯಲ್ಲಿ ಸ್ಟೇಷನ್ ರೈಟರ್ ಎನ್ನುತ್ತಾರೆ. ಸಿನಿಮಾದಲ್ಲಿ ಬರುವ ಪೊಲೀಸರ ಪೈಕಿ ಇವರಿಲ್ಲ. ವರ್ಷಕ್ಕೆ ಸುಮಾರು ಇನ್ನೂರು ಎಫ್‌ಐಆರ್, ಐವತ್ತರವತ್ತು ಅಸಹಜ ಸಾವು, ಮೂವತ್ತರ ಆಸುಪಾಸು ಮಿಸ್ಸಿಂಗ್ ಕೇಸು ಇವರ ಕೈ ದಾಟಿ ಹೋಗುತ್ತವೆ. ಇಲ್ಲಿಂದ ನಂಜನಗೂಡು, ಅಲ್ಲಿಂದ ಮೈಸೂರಿನ ಜಿಲ್ಲಾ ಅಪರಾಧ ದಾಖಲೆ ವಿಭಾಗ, ಅಲ್ಲಿಂದ ಬೆಂಗಳೂರು, ಕೊನೆಗೆ ದಿಲ್ಲಿ. ದಿಲ್ಲಿಯಲ್ಲಿ ಇಡೀ ದೇಶದ ಅಪರಾಧದ ಲೆಕ್ಕ ಒಂದು ದಪ್ಪ ಪುಸ್ತಕವಾಗುತ್ತದೆ. ಅದು ಹೊರಬಂದ ದಿನ ಟಿ.ವಿ.ಯಲ್ಲಿ ಕೋಟು ಹಾಕಿದವರು ಕೂಗಾಡುತ್ತಾರೆ, ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತದೆ, ಯೂನಿವರ್ಸಿಟಿಯ ಹುಡುಗಿಯರು ಅದನ್ನಿಟ್ಟುಕೊಂಡು ಪಿಎಚ್‌.ಡಿ. ಮಾಡುತ್ತಾರೆ. ಅಷ್ಟೂ ಗದ್ದಲದ ಬುಡದಲ್ಲಿ ಚೆಲುವರಾಜು ಅವರ ತೋರುಬೆರಳು ಇದೆ ಎಂದು ಯಾರೂ ಹೇಳುವುದಿಲ್ಲ. ಅವರಿಗೆ ಅದರ ಬಗ್ಗೆ ಹೊಟ್ಟೆ ಉರಿ ಇದೆ. ಮುಚ್ಚಿಡುವುದೂ ಇಲ್ಲ.

"ಬರ್ಕಳಿ ಸಾ, ನಂಗೆ ಒಟ್ಟೆಕಿಚ್ಚು ಜಾಸ್ತಿ. ನಮ್ಮನೇವ್ಳನ್ನ ಬೇಕಾರೆ ಕೇಳಿ, ಅವ್ಳೇ ಯೋಳ್ತಾಳೆ" ಎನ್ನುತ್ತಾರೆ ಅವರು, ರಕ್ತದೊತ್ತಡ ಜಾಸ್ತಿ ಎನ್ನುವ ಧಾಟಿಯಲ್ಲಿ.

ಹೊಟ್ಟೆಕಿಚ್ಚು ಊರಿನ ಮೇಲೆಲ್ಲ ಇಲ್ಲ. ಒಬ್ಬನ ಮೇಲೆ. ಅವನ ಹೆಸರು ನಂಜುಂಡೇಶ್. ಇದೇ ಠಾಣೆಯ ಕ್ರೈಂ ಸ್ಟಾಫ್, ಅಂದರೆ ಕಳ್ಳರ ಹಿಂದೆ ಓಡುವವನು. ಇಬ್ಬರೂ ಒಂದೇ ಬ್ಯಾಚ್, ಒಟ್ಟಿಗೆ ಟ್ರೇನಿಂಗ್ ಮಾಡಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಈ ಅಂಕಣಕ್ಕೆ ಯಾರ ಬಗ್ಗೆ ಬರೆಯಬಹುದು ಎಂದು ಸುತ್ತಮುತ್ತ ವಿಚಾರಿಸಿದಾಗ ಮೊದಲು ಬಂದ ಹೆಸರೂ ನಂಜುಂಡೇಶನದೇ. ನಿಮ್ಮ ಬಗ್ಗೆ ಬರೆಯಬೇಕು ಎಂದಾಗ ಚೆಲುವರಾಜು ಒಂದು ಗಳಿಗೆ ನಂಬಲಿಲ್ಲ. "ಅವ್ನು ಇತ್ಲಲ್ಲಿ ಗಾಡಿ ತೊಳೀತಾವ್ನೆ, ಕರೀಲಾ?" ಎಂದರು.

ಸೋಸಲೆಯ ಹತ್ತಿರದ ಒಂದು ಸಣ್ಣ ಊರು ಚೆಲುವರಾಜು ಅವರದು. ತಾಯಿ ಚಲುವಮ್ಮ ಗದ್ದೆ ನಾಟಿಗೆ ಹೋಗಿ, ಕಳೆ ಕಿತ್ತು, ಮೂರು ಮಕ್ಕಳನ್ನು ಓದಿಸಿದವರು. ಮನೆಯಲ್ಲಿ ಮೊದಲ ಸರ್ಕಾರಿ ಸಂಬಳ ಇವರದೇ. ಟ್ರೇನಿಂಗಿನಲ್ಲಿ ಇವರು ನಂಜುಂಡೇಶನಿಗಿಂತ ಜೋರಾಗಿ ಓಡುತ್ತಿದ್ದರು. ಇದನ್ನು ಮಾತಿನ ನಡುವೆ ಮೂರು ಸಲ ಹೇಳಿದರು. ಆದರೆ ಮೊದಲ ಪೋಸ್ಟಿಂಗಿನಲ್ಲೇ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಇವರ ಕೈಯಲ್ಲಿ ಒಂದು ದೂರು ಬರೆಸಿದರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಅವತ್ತೇ ಇವರನ್ನು ಟೇಬಲ್ಲಿಗೆ ಕೂರಿಸಿದರು. ಠಾಣೆ ಬದಲಾಯಿತು, ಸಾಹೇಬರು ಬದಲಾದರು, ಟೇಬಲ್ಲು ಬದಲಾಗಲಿಲ್ಲ.

"ನನ್ನ ಕೈಬರವೇ ನಂಗೆ ಮುಳ್ಳಾಯ್ತು ಕಣ್ರೀ. ನಂಜುಂಡನ ಅಕ್ಷರ ನೋಡ್ಬೇಕು ನೀವು, ಕೋಳಿ ಕೆದರ್ದಂಗಿರ್ತದೆ. ಅದ್ಕೇ ಅವ್ನು ಬಚಾವಾಗಿ ಓಡಾಡ್ಕಂಡವ್ನೆ" ಎಂದು ಇವತ್ತಿಗೂ ಕೊರಗುತ್ತಾರೆ.

ಲೆಕ್ಕ ಬರೆಯುವುದೇನು ಮಹಾ ಎನ್ನುವವರಿಗೆ ಅವರ ಬಳಿ ಉತ್ತರವಿದೆ. ಒಬ್ಬ ಮನೆಗೆ ನುಗ್ಗಿದ, ಚಿನ್ನ ಕದ್ದ, ಅಡ್ಡ ಬಂದ ಯಜಮಾನನನ್ನು ಕೊಂದ ಎಂದಿಟ್ಟುಕೊಳ್ಳಿ. ಎಫ್‌ಐಆರ್ ಒಂದೇ, ಸೆಕ್ಷನ್ನು ನಾಲ್ಕು. ದೇಶದ ಲೆಕ್ಕಕ್ಕೆ ಅದು ಒಂದು ಕೊಲೆ, ಅಷ್ಟೇ. ಕಳವಿನ ಕಾಲಮ್ಮಿನಲ್ಲಿ ಅದು ಕಾಣಿಸುವುದೇ ಇಲ್ಲ. "ಲಗ್ನಪತ್ರಿಕೆ ಮ್ಯಾಲೆ ಮನೆ ಯಜಮಾನನ ಎಸ್ರು ಒಂದು ಬರ್ದು ಕುಟುಂಬದವರು ಅಂತ ಆಕ್ತೀವಲ್ಲ ಸಾ, ಅಂಗೆ. ದೊಡ್ಡ ತಪ್ಪಿನ ಎಸ್ರು ಬರೀತೀವಿ, ಚಿಕ್ಕ ತಪ್ಪೆಲ್ಲ ಅದ್ರ ಕುಟುಂಬದವರು." ಇದು ಗೊತ್ತಿಲ್ಲದ ಹೊಸ ರೈಟರುಗಳು ಒಂದೇ ಕೇಸನ್ನು ನಾಲ್ಕು ಕಡೆ ಬರೆದು, ಮೈಸೂರಿನಿಂದ ಪಟ್ಟಿ ವಾಪಸು ಬಂದು, ಸಾಹೇಬರಿಂದ ಬೈಸಿಕೊಳ್ಳುತ್ತಾರೆ. ಹೀಗೆ ಪಟ್ಟಿ ವಾಪಸು ಬರುವುದಕ್ಕೆ ಕ್ವೆರಿ ಎನ್ನುತ್ತಾರೆ.

ಮೇಲಾಗಿ ಈಚೆಗೆ ಕಾನೂನೇ ಬದಲಾಯಿತು. ಬೆಳಗ್ಗೆ ಎದ್ದರೆ ಕಳವಿಗೆ 379 ಹೋಗಿ 303 ಬಂದಿತ್ತು, ಕೊಲೆಗೆ 302 ಹೋಗಿ 103 ಬಂದಿತ್ತು. ಇಪ್ಪತ್ತೆಂಟು ವರ್ಷ ಬೆರಳಿಗೆ ಅಂಟಿದ ಅಂಕಿಗಳು. ಮೊದಲ ತಿಂಗಳು ಕೋಳಿ ಕಳ್ಳನಿಗೆ 303 ಹಾಕಿ ಎರಡೆರಡು ಸಲ ನೋಡುತ್ತಿದ್ದರಂತೆ, ಎಲ್ಲಿ ಒಂದು ಅಂಕಿ ಜಾರಿ ಹಳೆಯ ಕೊಲೆಗಡುಕನ ಪಕ್ಕ ಅವನನ್ನು ಕೂರಿಸಿಬಿಡುತ್ತೇನೋ ಎಂದು. ಆ ತಿಂಗಳೂ ಇವರ ಪಟ್ಟಿ ವಾಪಸು ಬರಲಿಲ್ಲ. ಹನ್ನೊಂದು ವರ್ಷದಲ್ಲಿ ಒಂದೇ ಒಂದು ಕ್ವೆರಿ ಬಂದಿರಲಿಲ್ಲ. ಚೆಲುವರಾಜು ಅವರಿಗೆ ಇದ್ದ ಆಸ್ತಿ ಎಂದರೆ ಇದೇ.

ಈ ಆಸ್ತಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದಕ್ಕೆ ಅವರು ಹೋದ ವರ್ಷದ ಒಂದು ಸಂಗತಿ ಹೇಳುತ್ತಾರೆ. ಹೇಳುವಾಗ ದನಿ ಏರುತ್ತದೆ. ಸೋಮನಾಥಪುರದ ದೇವಸ್ಥಾನ ನೋಡಲು ಬಂದ ಮೂರು ಜನರ ಬೈಕು ಬೇರೆ ಬೇರೆ ತಿಂಗಳಲ್ಲಿ ಕಳುವಾಯಿತು. ಅವರಲ್ಲಿ ಇಬ್ಬರು ಊರು ಸೇರುವ ದಾರಿಯಲ್ಲಿ ಸಿಕ್ಕ ಈ ಠಾಣೆಗೆ ಬಂದು ದೂರು ಕೊಟ್ಟರು, ಇನ್ನೊಬ್ಬ ಇಲ್ಲಿನವನೇ. ಎಲ್ಲರಿಗೂ ಅದು ಮೂರು ಬೈಕು. ಪಟ್ಟಿ ಬರೆಯುವವರಿಗೆ ಮಾತ್ರ ಕಂಡದ್ದು ಏನೆಂದರೆ, ಮೂರೂ ಭಾನುವಾರ, ಮೂರೂ ಮಧ್ಯಾಹ್ನ ಒಂದರಿಂದ ಎರಡು, ಮೂರೂ ಒಂದೇ ಕಂಪನಿಯ ಬೈಕು. ಚೆಲುವರಾಜು ಒಂದು ಚೀಟಿಯಲ್ಲಿ ಬರೆದು ಇನ್‌ಸ್ಪೆಕ್ಟರ್ ಟೇಬಲ್ಲಿನ ಮೇಲಿಟ್ಟರು. ಮುಂದಿನ ಭಾನುವಾರದಿಂದ ನಂಜುಂಡೇಶ್ ಲುಂಗಿ ಉಟ್ಟುಕೊಂಡು ಅಲ್ಲಿ ಎಳನೀರು ಕುಡಿಯುತ್ತಾ ಕೂತ. ಮೂರನೇ ಭಾನುವಾರ ಕಳ್ಳ ಸಿಕ್ಕಿದ. ಅವನ ಮನೆ ಹಿಂದೆ ಹದಿನಾಲ್ಕು ಬೈಕುಗಳಿದ್ದವು.

ಠಾಣೆಯ ಮುಂದೆ ಬೈಕುಗಳನ್ನು ಸಾಲಾಗಿ ನಿಲ್ಲಿಸಿ, ಹಿಂದೆ ಎಲ್ಲರೂ ನಿಂತು ಫೋಟೋ ತೆಗೆಸಿಕೊಂಡರು. ಮಧ್ಯೆ ಸಾಹೇಬರು, ಪಕ್ಕದಲ್ಲಿ ನಂಜುಂಡೇಶ್, ಮೀಸೆ ತಿರುವಿಕೊಂಡು. ಚೆಲುವರಾಜು ಆ ಫೋಟೋದಲ್ಲಿ ಇಲ್ಲ. ಒಳಗೆ ಕೂತು ಪತ್ರಿಕೆಗಳಿಗೆ ಕಳಿಸುವ ಪ್ರೆಸ್ ನೋಟ್ ಟೈಪ್ ಮಾಡುತ್ತಿದ್ದರು. ಯಾರ್ಯಾರ ಶ್ರಮದಿಂದ ಕಳ್ಳ ಸಿಕ್ಕಿದ ಎಂದು ಎಂಟು ಹೆಸರು ಬರೆದರು. ಒಂಬತ್ತನೆಯದನ್ನು ತಾವೇ ಹೇಗೆ ಬರೆದುಕೊಳ್ಳುವುದು ಎಂದು ಸಂಕೋಚಪಟ್ಟರು. ಸಾಹೇಬರು ಸೇರಿಸುತ್ತಾರೆ ಎಂದು ಕಾದರು. ಸಾಹೇಬರು ಓದಿ, ಚೆನ್ನಾಗಿದೆ ಎಂದು ಸಹಿ ಹಾಕಿದರು.

ಮಾರನೆಯ ದಿನ ಪೇಪರು ಮನೆಗೆ ಬಂತು. ಎಂಬತ್ತು ದಾಟಿದ ಚಲುವಮ್ಮ ಈಗ ಮಗನ ಜೊತೆ ಪೊಲೀಸ್ ಕ್ವಾರ್ಟರ್ಸಿನಲ್ಲಿದ್ದಾರೆ. ಬುದ್ಧನ ಪಟದ ಕೆಳಗಿನ ಕುರ್ಚಿ ಅವರದು. ಅಲ್ಲಿ ಕೂತೇ ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ನಂಜುಂಡ ಅವ್ನಲ್ಲ? ವೈನಾಗಿ ಬಂದವ್ನೆ. ನಿಂದು ಯಾವಾಗ್ಲಾ ಬರೋದು?" ಎಂದು ಕೇಳಿದರು. ಚೆಲುವರಾಜು ಅವತ್ತು ತಿಂಡಿ ತಿನ್ನದೆ ಡ್ಯೂಟಿಗೆ ಹೋದರು. ಪತ್ನಿ ರೋಜಾ ಈ ಭಾಗವನ್ನು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾ ಹೇಳುತ್ತಾರೆ: "ಉಪ್ಪಿಟ್ಟು ಮಾಡಿದ್ದೆ. ಇಷ್ಟ ಇವ್ರಿಗೆ. ತಟ್ಟೆ ಮುಟ್ನಿಲ್ಲ. ಫೋಟೋದಲ್ಲಿರೋರ ಮ್ಯಾಲಿನ್ ಸಿಟ್ಟ ಉಪ್ಪಿಟ್ಟಿನ ಮ್ಯಾಲಾ ತೋರ್ಸೋದು?"

ಒಂದು ಸಣ್ಣ ಸೇಡು ಮಾತ್ರ ಸಿಕ್ಕಿತು. ತಿಂಗಳ ಪಟ್ಟಿಯಲ್ಲಿ ಬೈಕು ಪತ್ತೆ ಎಂಬಲ್ಲಿ ಚೆಲುವರಾಜು ಮೂರು ಎಂದು ಬರೆದರು. ಉಳಿದ ಹನ್ನೊಂದು ಬೈಕು ಯಾವ ಠಾಣೆಗಳಲ್ಲಿ ದೂರು ದಾಖಲಾಗಿತ್ತೋ ಅವುಗಳ ಲೆಕ್ಕಕ್ಕೆ ಹೋಗಬೇಕು, ಅದು ನಿಯಮ. ನಂಜುಂಡೇಶ್ ಬಂದು ಟೇಬಲ್ ಗುದ್ದಿದ. "ಅದಿನಾಲ್ಕು ಇಡ್ದಿವ್ನಿ ಕಣ್ಲಾ, ಮೂರಾ ನೀನು ಬರ್ಯೋದು?" ಎಂದ. "ರೂಲು ಕಣ್ಲಾ" ಎಂದರು ಚೆಲುವರಾಜು. ಆ ಎರಡು ಪದ ಹೇಳುವಾಗ ಸಿಕ್ಕ ಸುಖವನ್ನು ಈಗಲೂ ನೆನೆದು ಚಪ್ಪರಿಸುತ್ತಾರೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಇದು ಇಬ್ಬರು ಗೆಳೆಯರ ಜಗಳ ಅಷ್ಟೇ ಆಗುತ್ತಿತ್ತು. ಕಳೆದ ಜನವರಿಯಲ್ಲಿ ಒಬ್ಬಳು ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು.

ಹೆಸರು ಪವಿತ್ರಾ, ವಯಸ್ಸು ಇಪ್ಪತ್ತಾರು. ಕೈಯಲ್ಲಿ ಐದು ವರ್ಷದ ಮಗಳ ಕೈ. ಔಷಧ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತ್ತು, ಇನ್ನು ಆರು ದಿನದಲ್ಲಿ ಪೊಲೀಸರ ನಡತೆ ಸರ್ಟಿಫಿಕೇಟು ಕೊಟ್ಟರೆ ಸೇರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತಾರೆ. ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದಳು, ಅದು ಯಾಕೋ ಮುಂದೆ ಹೋಗುತ್ತಿರಲಿಲ್ಲ. ಚೆಲುವರಾಜು ಅವಳ ಹೆಸರು, ಊರು, ತಂದೆಯ ಹೆಸರು ದೇವಯ್ಯ ಎಂದು ಹೊಡೆದು ನೋಡಿದರು.

"ಈ ಎಸ್ರಲ್ಲಿ ಒಬ್ರು ಕಾಣೆಯಾಗವ್ರೆ ಅಂತ ತೋರುಸ್ತಾದೆ ಕಣಮ್ಮ. ಊರೂ ಅದೇ, ಅಪ್ಪನ ಎಸ್ರೂ ಅದೇ. ಯಾರಮ್ಮ ಅದು?" ಎಂದು ಕೇಳಿದರು.

"ನಾನೇ ಕಣ್ ಸಾ ಅದು" ಎಂದಳು ಅವಳು. "ಏಳು ವರ್ಸದಿಂದೆ ಮನೆ ಬುಟ್ಟು ಓಗಿದ್ದೆ. ನಂಜುಂಡೇಶ್ ಸಾರು ತಿರುಪ್ಪೂರಿಂದ ಕರ್ಕಬಂದ್ರಲ್ಲ? ನನ್ನಿಷ್ಟದಲ್ಲೇ ಓಗಿದ್ದೆ ಅಂತ ನಂಜನಗೂಡಲ್ಲಿ ಬರ್ಕೊಟ್ಟು ಸೈನ್ ಆಕಿದ್ದೆ. ಆಮೇಲೆ ಕಳಲೆ ದೇವಸ್ಥಾನದಲ್ಲಿ ಮದ್ವೆ ಆಯ್ತು, ಅಪ್ಪನೂ ಬಂದಿದ್ರು."

ಅವಳು ಪರದೆಯತ್ತ ಬಗ್ಗಿ ನೋಡಿ ಕೇಳಿದಳು: "ಅಂದ್ರೆ ನಾನಿನ್ನೂ ಸಿಕ್ಕಿಲ್ವಾ ಸಾ?"

ಆ ಪ್ರಶ್ನೆಗೆ ಉತ್ತರ ಅವರಿಗೆ ಗೊತ್ತಿತ್ತು. 2019ರ ಮಾರ್ಚ್ ತಿಂಗಳು. ನರಸೀಪುರದ ಕುಂಭಮೇಳ ಮುಗಿದು ಎರಡು ಮೂರು ವಾರವಾಗಿತ್ತು. ಅಲ್ಲಿ ಜೇಬುಗಳ್ಳರನ್ನು ಹಿಡಿದಿದ್ದಕ್ಕೆ ನಂಜುಂಡೇಶನಿಗೆ ಪ್ರಶಂಸಾಪತ್ರ ಬಂದಿತ್ತು. ಮೈಸೂರ್‌ಪಾಕ್ ಡಬ್ಬಿ ಹಿಡಿದು ಠಾಣೆಯೆಲ್ಲ ಸುತ್ತಿ, ಕೊನೆಗೆ ರೈಟರ ಟೇಬಲ್ಲಿಗೆ ಬಂದು ಒಂದು ಕಂದು ಲಕೋಟೆ ಎಸೆದ. "ಬರ್ಕಳಿ ರೈಟ್ರೇ, ನನ್ನ ಲೆಕ್ಕಕ್ಕೆ ಇನ್ನೊಂದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಎಲ್ಲರೂ ನಕ್ಕರು. ಲಕೋಟೆಯಲ್ಲಿ ಇದ್ದದ್ದು ಪವಿತ್ರಾ ಬರೆದುಕೊಟ್ಟ ಹೇಳಿಕೆ. ಅದನ್ನು ನೋಡಿ ಚೆಲುವರಾಜು ಕಾಣೆಯಾದವರ ರಿಜಿಸ್ಟರಿನಲ್ಲಿ 'ಪತ್ತೆ' ಎಂದು ಬರೆಯಬೇಕಿತ್ತು, ಯಾರು ಪತ್ತೆ ಮಾಡಿದ್ದು ಎಂಬಲ್ಲಿ ನಂಜುಂಡೇಶ್ ಎಂದು ಬರೆಯಬೇಕಿತ್ತು. ಅವತ್ತು ಆ ಹೆಸರು ಬರೆಯಲು ಕೈ ಬರಲಿಲ್ಲ. ಲಕೋಟೆಯನ್ನು ಬೀರುವಿಗೆ ಹಾಕಿದರು. ಮೈಸೂರ್‌ಪಾಕನ್ನೂ ತಿನ್ನಲಿಲ್ಲ.

"ನಾಳೆ ಬರ್ದ್ರಾಯ್ತು ಅಂದ್ಕಂಡೆ. ಆಮೇಲೆ ಬರೋ ತಿಂಗ್ಳು ಅಂದ್ಕಂಡೆ. ಎರಡು ತಿಂಗ್ಳು ಗ್ಯಾನ ಇತ್ತು, ಸುಳ್ಳು ಯಾಕೆ ಯೋಳ್ಲಿ. ಆಮೇಲೆ ಮರ್ತೋಯ್ತು. ಮರ್ತಿದ್ದು ನಿಜ ಸಾ. ಮರೀಲಿ ಅಂತ ನಾನೇ ಬುಟ್ಟಿದ್ದೂ ನಿಜ" ಎನ್ನುತ್ತಾರೆ.

ಹಿಂದಿನ ವರ್ಷಗಳಲ್ಲಿ ಕಾಣೆಯಾಗಿ ಇನ್ನೂ ಸಿಗದವರು ಎಂದು ಪ್ರತಿ ತಿಂಗಳ ಪಟ್ಟಿಯಲ್ಲಿ ಒಂದು ಕಾಲಮ್ಮು ಇರುತ್ತದೆ. ಜೊತೆಗೆ ಹೆಸರುಗಳ ಹಾಳೆ. ಮಾರ್ಚ್ 2019ರಿಂದ ಹೋದ ಡಿಸೆಂಬರಿನವರೆಗೆ ಎಂಬತ್ತೆರಡು ತಿಂಗಳು ಚೆಲುವರಾಜು ಪವಿತ್ರಾಳ ಹೆಸರನ್ನು ಆ ಹಾಳೆಯಲ್ಲಿ ಬರೆದರು. ವರ್ಷ ವರ್ಷ ದಿಲ್ಲಿಯ ಪುಸ್ತಕದ ಕಾಣೆಯಾದವರ ಮೊತ್ತದಲ್ಲಿ ಅವಳೂ ಒಬ್ಬಳಾದಳು. ಅಷ್ಟು ಹೊತ್ತಿಗೆ ಅವಳು ಕಳಲೆಯಲ್ಲಿ ಹಿಟ್ಟು ಮುದ್ದೆ ಮಾಡಿಕೊಂಡು, ಮಗು ಹೆತ್ತು, ಆಧಾರ್ ಕಾರ್ಡಿನಲ್ಲಿ ವಿಳಾಸ ಬದಲಿಸಿ, ಎರಡು ಸಲ ವೋಟು ಹಾಕಿದ್ದಳು. ಹೋದ ವರ್ಷ ಗಂಡನ ಜೊತೆ ತವರಿನ ಹತ್ತಿರಕ್ಕೇ ಮನೆ ಮಾಡಿಕೊಂಡು ಬಂದಿದ್ದಳು. ಮೊದಮೊದಲು ವಾರಕ್ಕೊಮ್ಮೆ ಠಾಣೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ ದೇವಯ್ಯ ಆಮೇಲೆ ಬರುವುದು ನಿಲ್ಲಿಸಿದ್ದರು. ಲಕೋಟೆಯ ನೆನಪು ಮಾಸಿದ ಮೇಲೆ, ಪಾಪ, ಬೇಸತ್ತಿರಬೇಕು ಎಂದುಕೊಂಡಿದ್ದರು ಚೆಲುವರಾಜು. ಮಗಳು ಸಿಕ್ಕಿದ ಮೇಲೆ ಅಪ್ಪ ಯಾಕೆ ಬರುತ್ತಾನೆ ಎಂದು ಹೊಳೆಯಲೇ ಇಲ್ಲ.

ಈಗ ಪರದೆಯ ಮೇಲೆ ಎರಡು ಖಾಲಿ ಜಾಗಗಳಿದ್ದವು. ಪತ್ತೆಯಾದ ದಿನಾಂಕ. ಪತ್ತೆ ಮಾಡಿದವರು. ಇವತ್ತಿನ ತಾರೀಕು ಹಾಕಿ, ತಮ್ಮದೇ ಹೆಸರು ಬರೆದರೆ ಮುಗಿಯಿತು. ಅವಳಿಗೆ ಸಂಜೆಯೊಳಗೆ ಸರ್ಟಿಫಿಕೇಟು. ತಮಗೆ ಕಾಣೆಯಾದ ಹೆಂಗಸನ್ನು ಪತ್ತೆ ಮಾಡಿದ ಕೀರ್ತಿ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎದುರಿಗೆ ನಿಂತವಳು ಕೂಡ ಸಾರ್ ಒಳ್ಳೆಯವರು ಎಂದೇ ಹೋಗುತ್ತಾಳೆ. ನಿಜವಾದ ತಾರೀಕು ಹಾಕಿದರೆ, ಮುಚ್ಚಿಹೋದ ವರ್ಷದ ಲೆಕ್ಕ ತೆಗೆಯಲು ಮೈಸೂರಿನ ಅನುಮತಿ ಬೇಕು, ಅದಕ್ಕೆ ತಪ್ಪು ಯಾರದು ಎಂದು ಬರೆದು ಕೊಡಬೇಕು. ಹನ್ನೊಂದು ವರ್ಷದ ಆಸ್ತಿ ಅಲ್ಲಿಗೆ ಮುಗಿಯಿತು. ನಂಜುಂಡೇಶನ ಲೆಕ್ಕಕ್ಕೆ ಇನ್ನೊಂದು ಸೇರಿತು.

"ಬೆರಳು ಅಲ್ಲೇ ನಿಂತಿತ್ತು ಸಾ. ನನ್ನ ಎಸ್ರಿನ ಮೊದ್ಲಕ್ಷರ ಒತ್ತೂ ಬುಟ್ಟಿದ್ದೆ" ಎಂದು ಒಪ್ಪಿಕೊಳ್ಳುತ್ತಾರೆ. ಆಗ ಆ ಮಗು ಟೇಬಲ್ಲಿನ ಮೇಲಿದ್ದ ಪೇಪರ್‌ವೇಟ್ ತಿರುಗಿಸುತ್ತಿತ್ತಂತೆ. "ಇವತ್ತು ಸಿಕ್ಲು ಅಂತ ಬರ್ದ್ರೆ, ಏಳು ವರ್ಸ ಈ ಎಣ್ಮಗ್ಳು ಎಲ್ಲೂ ಇರ್ನಿಲ್ಲ ಅಂತಾಯ್ತದೆ. ಮದ್ವೆ ಆಗಿದ್ದು, ಈ ಕೂಸು ಉಟ್ಟಿದ್ದು, ಎಲ್ಲಾ ಕಾಣೆಯಾಗಿದ್ದಾಗ್ಲೇ ಅಂತಾಯ್ತದೆ. ನನ್ನ ಪಟ್ಟೀಲಿ ತಪ್ಪಿರ್ಬೋದು, ಸುಳ್ಳು ಇರ್ಬಾರ್ದು."

ಅಳಿಸಿದರು. ಎರಡು ದಿನ ಬಿಟ್ಟು ಬಾ ಎಂದು ಅವಳನ್ನು ಕಳಿಸಿ, ಬೀರು ತೆಗೆದರು. ಕುಂಭಮೇಳದ ಬಂದೋಬಸ್ತಿನ ಹಳೆಯ ಆದೇಶಗಳ ಕಟ್ಟಿನ ಅಡಿಯಲ್ಲಿ ಲಕೋಟೆ ಇತ್ತು. ಅದನ್ನು ಹಿಡಿದುಕೊಂಡು ಇನ್‌ಸ್ಪೆಕ್ಟರ್ ಮುಂದೆ ನಿಂತು ಎಲ್ಲವನ್ನೂ ಹೇಳಿದರು. ಅವರು ಲಕೋಟೆ ತೆರೆದು ನೋಡಿ, "ಏನ್ರೀ ಇದು, ಇವತ್ತಿನ ಡೇಟ್ ಹಾಕಿ ಮುಗಿಸಬಾರದಿತ್ತೇನ್ರೀ?" ಎಂದರು. ಆಮೇಲೆ, "ಈ ಸಲ ಪ್ರಶಂಸಾಪತ್ರಕ್ಕೆ ಸ್ಟೇಷನ್ನಿಂದ ಒಂದೇ ಹೆಸರು ಕೇಳಿದ್ದಾರೆ. ಒಂದೂ ಕ್ವೆರಿ ಇಲ್ಲದ ರೈಟರ್ ಅಂತ ನಿಮ್ಮ ಹೆಸರು ಕಳಿಸೋಣ ಅಂತಿದ್ದೆ" ಎಂದರು.

ಚೆಲುವರಾಜು ಈ ಮಾತು ಹೇಳಿ ತಣ್ಣಗಿನ ಟೀಯನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಎಂಟು ಹೆಸರಿನ ಪ್ರೆಸ್ ನೋಟಿಗಿಂತ, ಕುಂಭಮೇಳದ ಮೈಸೂರ್‌ಪಾಕಿಗಿಂತ ಇದು ಹೆಚ್ಚು ಉರಿದಿದೆ ಎಂದು ಮುಖ ನೋಡಿದರೆ ಗೊತ್ತಾಗುತ್ತದೆ. ಬೇರೆ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳುವ ಹಾಗಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ತಪ್ಪೊಪ್ಪಿಗೆಯನ್ನು ತಾವೇ ಟೈಪ್ ಮಾಡಿದರು. ಟಪಾಲಿಗೆ ಹಾಕಿದರೆ ವಾರ ಹಿಡಿಯುತ್ತದೆ, ಅಷ್ಟರಲ್ಲಿ ಹುಡುಗಿಯ ಕೆಲಸ ಹೋಗುತ್ತದೆ ಎಂದು ಒಂದು ದಿನದ ರಜೆ ಹಾಕಿ, ಮೊದಲನೇ ಬಸ್ಸು ಹಿಡಿದು ಕಾಗದವನ್ನು ಕೈಯಲ್ಲೇ ಮೈಸೂರಿಗೆ ಒಯ್ದರು. ಕಚೇರಿಯಲ್ಲಿ ಬೆಳಗಿನಿಂದ ಸಾಯಂಕಾಲದವರೆಗೆ ಬೆಂಚಿನ ಮೇಲೆ ಕೂತರು. ಎಂದೂ ಕ್ವೆರಿ ಬಾರದ ರೈಟರ್ ಇವರೇ ಎಂದು ಇವರ ಹೆಸರು ಗೊತ್ತಿದ್ದ ಗುಮಾಸ್ತೆಯೊಬ್ಬರು ಕಾಗದ ಓದಿ, "ಅಯ್ಯೋ, ನೀವಾ ಸರ್?" ಎಂದರಂತೆ. ಅದೂ ಸಹಿಸಿಕೊಂಡರು. ಐದು ಗಂಟೆಗೆ ಅನುಮತಿ ಸಿಕ್ಕಿತು. ಅಚ್ಚಾಗಿ ಹೋದ ಹಳೆಯ ಪುಸ್ತಕಗಳನ್ನು ತಿದ್ದಲು ಆಗುವುದಿಲ್ಲ, ಈ ವರ್ಷದಿಂದ ಸರಿ ಮಾಡಿಕೊಳ್ಳಿ ಎಂದರು. ಮಾರನೆಯ ದಿನ ಚೆಲುವರಾಜು ಎರಡು ಖಾಲಿ ಜಾಗ ತುಂಬಿದರು. ಒಂದರಲ್ಲಿ 2019ರ ಮಾರ್ಚಿನ ತಾರೀಕು. ಇನ್ನೊಂದರಲ್ಲಿ, ಒಂದೊಂದೇ ಅಕ್ಷರ ಒತ್ತಿ, ನಂಜುಂಡೇಶ್.

ಕಂಪನಿ ಹೇಳಿದ್ದ ದಿನಕ್ಕೆ ಒಂದು ದಿನ ಮುಂಚೆ ಪವಿತ್ರಾಳಿಗೆ ಸರ್ಟಿಫಿಕೇಟು ಸಿಕ್ಕಿತು. ಚೆಲುವರಾಜು ಅವರಿಗೆ ಮೆಮೋ ಸಿಕ್ಕಿತು.

ವಿಷಯವನ್ನು ನಂಜುಂಡೇಶನಿಗೂ ಹೇಳಲೇಬೇಕಿತ್ತು. ಹಿತ್ತಲಲ್ಲಿ ಗಾಡಿ ತೊಳೆಯುತ್ತಿದ್ದವನ ಹತ್ತಿರ ಹೋಗಿ, ತಿರುಪ್ಪೂರಿನ ಹುಡುಗಿಯ ಲಕೋಟೆಯನ್ನು ಏಳು ವರ್ಷ ಮುಚ್ಚಿಟ್ಟಿದ್ದೆ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಎಂದು ಹೇಳಿದರು. ಒಂದು ಏಟಾದರೂ ಬೀಳಬಹುದು ಎಂದು ಸಿದ್ಧರಾಗಿದ್ದರಂತೆ. ನಂಜುಂಡೇಶ್ ಬಕೆಟ್ಟು ಕೆಳಗಿಟ್ಟು ಯೋಚನೆ ಮಾಡಿದ.

"ಯಾವ್ ಉಡ್ಗೀಲಾ? ತಿರುಪ್ಪೂರಾ? ನಾನು ಓಗಿದ್ನಾ?"

"ಅವ್ನಿಗೆ ಗ್ಯಾನವೇ ಇಲ್ಲ ಕಣ್ರೀ!" ಚೆಲುವರಾಜು ಟೇಬಲ್ ಮೇಲೆ ಎರಡೂ ಕೈ ಚೆಲ್ಲುತ್ತಾರೆ. "ನಾನು ಏಳು ವರ್ಸ ಉರ್ಕಂಡಿವ್ನಿ. ಒಂದು ಎಣ್ಮಗ್ಳನ್ನ ದೇಸದ ಲೆಕ್ಕದಲ್ಲಿ ಕಳ್ದಾಕಿವ್ನಿ. ಅವ್ನು ಕರ್ಕಬಂದ, ಮೈಸೂರ್‌ಪಾಕ್ ತಿಂದ, ಮರ್ತ. ಮರ್ತು ನಿದ್ದೆ ಮಾಡ್ದ. ಇದ್ಕಿಂತ ಒಟ್ಟೆ ಉರ್ಯೋ ಇಸ್ಯ ಇನ್ನೊಂದದಾ?"

ಪ್ರಶಂಸಾಪತ್ರಕ್ಕೆ ಠಾಣೆಯಿಂದ ಹೋದದ್ದು ನಂಜುಂಡೇಶನ ಹೆಸರು. ಶಿಫಾರಸು ಪತ್ರವನ್ನು ಟೈಪ್ ಮಾಡಿದವರು ಯಾರು ಎಂದು ಹೇಳಬೇಕಾಗಿಲ್ಲ. ಅದರ ನಕಲು ಫೈಲಿನಲ್ಲಿದೆ. ಒಂದು ಕಾಗುಣಿತ ತಪ್ಪಿಲ್ಲ. ಪತ್ತೆ ಮಾಡಿದ ಪ್ರಕರಣಗಳ ಸಾಲಿನಲ್ಲಿ, ಬೈಕುಗಳ ಕೆಳಗೆ, 'ಕಾಣೆಯಾಗಿದ್ದ ಮಹಿಳೆ, ಒಬ್ಬರು' ಎಂದು ಸೇರಿಸಿದ್ದಾರೆ. ನಂಜುಂಡೇಶನಿಗೆ ಅದು ಬೇಕಿರಲಿಲ್ಲ. ಆದರೆ ಅದು ಅವನದು.

ಆ ದಿನದಿಂದ ಚೆಲುವರಾಜು ಒಂದು ಹೊಸ ಕೆಲಸ ಹಚ್ಚಿಕೊಂಡಿದ್ದಾರೆ. ಇನ್ನೂ ಸಿಗದವರ ಹಾಳೆಯಲ್ಲಿ ಉಳಿದ ಹೆಸರುಗಳ ಮನೆಗೆ ವಾರದ ರಜೆಯ ದಿನ ಬೈಕಿನಲ್ಲಿ ಹೋಗಿ, ನಿಮ್ಮವರು ಬಂದರೇನಮ್ಮಾ ಎಂದು ಕೇಳುತ್ತಾರೆ. ಇದುವರೆಗೆ ನಾಲ್ಕು ಮನೆ ಆಗಿದೆ. ನಾಲ್ಕರಲ್ಲೂ ಯಾರೂ ಬಂದಿಲ್ಲ. ಒಂದು ಮನೆಯಲ್ಲಿ ತಾಯಿ ಇವರನ್ನು ನೋಡಿದ ಕೂಡಲೇ ಸುದ್ದಿ ತಂದಿದ್ದಾರೆ ಎಂದು ಓಡಿಬಂದರಂತೆ. ಆ ಮನೆಯ ಬಗ್ಗೆ ಹೆಚ್ಚು ಮಾತನಾಡಲು ಅವರು ಒಪ್ಪಲಿಲ್ಲ.

ಈ ಲೇಖನಕ್ಕೆ ಫೋಟೋ ಇಲ್ಲ. ಮಾತನಾಡಲು ಮೇಲಿನವರ ಒಪ್ಪಿಗೆ ಬಂದಿದೆ, ಫೋಟೋಗೂ ಠಾಣೆಯ ಹೆಸರಿಗೂ ಬಂದಿಲ್ಲ. ಚೆಲುವರಾಜು ಯೂನಿಫಾರಂ ಇಸ್ತ್ರಿ ಮಾಡಿಸಿ, ಮೀಸೆಗೆ ಕತ್ತರಿ ಆಡಿಸಿಕೊಂಡೇ ಬಂದಿದ್ದರು. ಸುದ್ದಿ ಕೇಳಿ, "ಅಮ್ಮಂಗೆ ಏನ್ ಯೋಳ್ಲಿ ಈಗ?" ಎಂದಷ್ಟೇ ಗೊಣಗಿದರು. ಬೈಕಿನ ಫೋಟೋ ಪೇಪರಿನಲ್ಲಿ ಎಷ್ಟು ಕಾಲಮ್ಮು ಬಂದಿತ್ತು ಎಂದು ಮಾತ್ರ ಎರಡು ಸಲ ವಿಚಾರಿಸಿದರು.

ಒಂಬತ್ತು ಗಂಟೆಯಾಗಿದೆ. ಪಟ್ಟಿ ಮುಗಿಯಿತು. ಪ್ರಿಂಟು ತೆಗೆದು, ಬೆರಳಿಟ್ಟು ಇನ್ನೊಮ್ಮೆ ಮೇಲಿಂದ ಕೆಳಗೆ ಓದುತ್ತಾರೆ. ಹಿಂದಿನ ವರ್ಷಗಳಿಂದ ಸಿಗದವರು ಎಂಬ ಕಾಲಮ್ಮಿನಲ್ಲಿ ಹೋದ ಡಿಸೆಂಬರಿನವರೆಗೆ ಏಳು ಎಂದಿದ್ದ ಜಾಗದಲ್ಲಿ ಈಗ ಆರು ಎಂದಿದೆ. ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ದಿಲ್ಲಿಯಲ್ಲಿ ಅಚ್ಚಾಗುವ ಆ ಪುಸ್ತಕವನ್ನು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು ಎನ್ನುತ್ತಾರೆ. ಇಷ್ಟು ವರ್ಷ ಅಂಕಿ ಕಳಿಸಿದ್ದಾರೆ, ಪುಸ್ತಕವನ್ನು ಕಂಡಿಲ್ಲ. ಈ ವರ್ಷದ್ದೇ ಬೇಕಂತೆ.

"ಇಡೀ ದೇಸದ ಮೊತ್ತದಲ್ಲಿ ಒಂದು ಕಮ್ಮಿ ಆಗಿರ್ತದಲ್ಲ ಸಾ, ಅದು ಯಾವ್ದು ಅಂತ ಯಾರ್ಗೂ ಗೊತ್ತಾಗಕ್ಕಿಲ್ಲ. ನಂಗೊಬ್ನಿಗೇ ಗೊತ್ತು" ಎಂದು ಕಾಗದ ಮಡಚಿ ಕವರಿಗೆ ಹಾಕಿ, ಟೋಪಿ ಎತ್ತಿಕೊಳ್ಳುತ್ತಾರೆ. ಬಾಗಿಲ ತನಕ ಹೋದವರು ತಿರುಗಿ ನಿಂತು, ಹಿತ್ತಲ ಕಡೆ ಒಮ್ಮೆ ಇಣುಕಿ, ದನಿ ತಗ್ಗಿಸುತ್ತಾರೆ.

"ಆ ಪುಸ್ತಕದಲ್ಲಿ ಬರೀ ಅಂಕಿನಂತೆ ಸಾ. ನಂಜುಂಡನ ಪೋಟೋನೂ ಇರಕ್ಕಿಲ್ವಂತೆ."